ಆ ಮಾಡ್ಯೂಲ್ ಎಲ್ಲಿತ್ತ್ ಮಾರ್ರೆ?

ಬೈಂದೂರಿನಿಂದ ಬ್ರಹ್ಮಾವರದ ತನಕ ಯಾವ ಬಸ್‌ಸ್ಟ್ಯಾಂಡಿನಲ್ಲಿ ಬೇಕಾದರೂ ನಿಂತು "ಪರ್ಲ್ ಗೊತ್ತುಂಟಾ?" ಎಂದು ಕೇಳಿ ನೋಡಿ. "ಅದ್ ಎಕ್ಸ್‌ಪ್ರೆಸ್ಸಾ, ಲೋಕಲ್ಲಾ?" ಎಂಬ ಮರುಪ್ರಶ್ನೆ ಬಂದರೆ ನನ್ನನ್ನು ಬೈಯಬೇಡಿ. ನಮ್ಮಲ್ಲಿ ಖಾಸಗಿ ಬಸ್ಸುಗಳಿಗೆ ದೇವರ ಹೆಸರಿನಿಂದ ಹಿಡಿದು ಧಣಿಗಳ ಮೊಮ್ಮಗಳ ಹೆಸರಿನ ತನಕ ಏನನ್ನು ಬೇಕಾದರೂ ಇಡುತ್ತಾರೆ, ಹಾಗಾಗಿ ಆ ಸಂಶಯ ನ್ಯಾಯವಾದದ್ದೇ. ಆದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಈ ಮೂರೂ ತಾಲೂಕುಗಳಲ್ಲಿ ಪರ್ಲ್ ಎಂಬ ಈ ಪ್ರೋಗ್ರಾಮಿಂಗ್ ಭಾಷೆ ಕಾಣದ ಹಾಗೆ ಕೂತು ಕೆಲಸ ಮಾಡುವ ಜಾಗ ಒಂದುಂಟು. ಕೋಹಾ ಎಂಬ ತಂತ್ರಾಂಶ ಹಾಕಿಸಿಕೊಂಡ ಕಾಲೇಜು ಲೈಬ್ರೆರಿ. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು, ದಂಡ ಲೆಕ್ಕ ಹಾಕುವುದು, ಎಲ್ಲ ಕೋಹಾ. ಕೋಹಾದ ಒಳಗೆ ತುಂಬಿರುವುದು ಹೆಚ್ಚಾಗಿ ಪರ್ಲ್. ಈ ವಿಷಯ ಲೈಬ್ರೆರಿ ಮೇಡಮ್ಮನವರಿಗೆ ಗೊತ್ತಾಗುವುದು ಅದು ನಿಂತುಹೋದ ದಿನ ಮಾತ್ರ.

ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. 1999ರಲ್ಲಿ ಅಲ್ಲಿನ ಹೊರೊಫೆನುವಾ ಲೈಬ್ರೆರಿ ಟ್ರಸ್ಟಿಗೆ ಒಂದು ಚಿಂತೆ ಹತ್ತಿತು. ತಮ್ಮಲ್ಲಿದ್ದ ಹಳೆಯ ತಂತ್ರಾಂಶಕ್ಕೆ 2000ನೇ ಇಸವಿ ಅರ್ಥವಾಗುವುದಿಲ್ಲವಂತೆ. ಕಟಿಪೊ ಎಂಬ ಕಂಪೆನಿ ಕೂತು ಪರ್ಲಿನಲ್ಲಿ ಹೊಸದೊಂದನ್ನು ಬರೆದುಕೊಟ್ಟಿತು, 2000ದ ಜನವರಿ ಮೊದಲ ವಾರದಲ್ಲೇ ಅದು ಕೆಲಸಕ್ಕಿಳಿಯಿತು. ಬರೆದದ್ದನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕದೆ ಲೋಕಕ್ಕೇ ಬಿಟ್ಟುಕೊಟ್ಟರು. ದುಡ್ಡು ಕೊಡಬೇಕಾಗಿಲ್ಲ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಆಡಳಿತ ಮಂಡಳಿಗಳಿಗೆ ಮುಕ್ತ ತಂತ್ರಾಂಶದ ಮೇಲೆ ಅಪಾರ ಭಕ್ತಿ ಬಂತು. ಮೇಲಿಂದ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬೇರೆ. ಅವರ ನಮೂನೆಯಲ್ಲಿ ಲೈಬ್ರೆರಿ ತಂತ್ರಾಂಶದ ಹೆಸರೇನು, ಆವೃತ್ತಿ ಯಾವುದು, ಗಣಕೀಕರಣ ಪೂರ್ತಿಯೋ ಅರ್ಧವೋ, ಯಾವ ವರ್ಷ ಎಂದು ಸಾಲುಸಾಲು ಖಾಲಿ ಜಾಗ. ಪ್ರಿನ್ಸಿಪಾಲರು ಮೇಡಮ್ಮನವರನ್ನು ಕರೆದು, "ಪೂರ್ತಿ ಅಂತ ಬರ್ದ್ ಆಯ್ತ್. ಈಗ ಪೂರ್ತಿ ಮಾಡಿ" ಎನ್ನುತ್ತಾರೆ.

ಮೇಡಮ್ಮನವರು ಕಲಿತದ್ದು ಗ್ರಂಥಾಲಯ ವಿಜ್ಞಾನ. 894.814 ಎಂದರೆ ಕನ್ನಡ ಸಾಹಿತ್ಯ, 005.133 ಎಂದರೆ ಪ್ರೋಗ್ರಾಮಿಂಗ್ ಭಾಷೆಗಳು ಎಂದು ನಿದ್ದೆಗಣ್ಣಿನಲ್ಲೂ ಹೇಳುವವರು. ಆ 005.133ರ ಕಪಾಟಿಗೆ ಧೂಳು ಹೊಡೆಯುವುದನ್ನು ಬಿಟ್ಟರೆ ಬೇರೆ ಕೆಲಸಕ್ಕೆ ಅವರು ಕೈ ಹಾಕಿದವರಲ್ಲ. ಈಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ನೋಡಿಕೊಂಡು, ಇಲ್ಲದ ಮಾಡ್ಯೂಲ್, ಎಂದರೆ ಪರ್ಲಿನ ಬಿಡಿಭಾಗ, ಹುಡುಕಬೇಕು ಎಂದರೆ ಹೇಗೆ?

ಹೇಗೆ ಎಂದರೆ, ಮೊದಲು ಫೋಟೋ ತೆಗೆಯುವುದು. ಪರದೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ನನಗೆ ಕಳಿಸುವುದು. ಆ ಫೋಟೋದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಉಂಟು, ಮೇಡಮ್ಮನವರ ಹೆಬ್ಬೆರಳು ಉಂಟು, ಮೇಜಿನ ಮೇಲಿನ ಚಾದ ಲೋಟ ಉಂಟು. ಯಾವ ಮಾಡ್ಯೂಲ್ ಇಲ್ಲ ಎಂದು ಹೇಳುವ ಮೂಲೆ ಮಾತ್ರ ಕತ್ತರಿಸಿ ಹೋಗಿರುತ್ತದೆ. ಕೆಳಗೆ ಒಕ್ಕಣೆ: "ಹ್ವಾಯ್, ಎಂತದೋ ಇಲ್ಲೆ ಅಂಬ್ರ್. ಎಂತ ಅಂದ್ ಕಾಣಿ."

ಪರ್ಲಿನ ಬೈಗುಳ ಉದ್ದ, ಆದರೆ ಅದರಲ್ಲಿ ಸುಳ್ಳಿಲ್ಲ. 'ಕಾಂಟ್ ಲೊಕೇಟ್' ಎಂದು ಶುರು. ಆಮೇಲೆ ಬೇಕಾದ ಕಡತದ ಹೆಸರು, ಉದಾಹರಣೆಗೆ 'ಮಾರ್ಕ್/ರೆಕಾರ್ಡ್.ಪಿಎಂ'. ಅದರ ಹಿಂದೆಯೇ, ನೀವು ಬಹುಶಃ ಮಾರ್ಕ್::ರೆಕಾರ್ಡ್ ಎಂಬ ಮಾಡ್ಯೂಲನ್ನು ಹಾಕಿಕೊಳ್ಳಬೇಕಾದೀತು ಎಂಬ ಸಲಹೆ. ಆಮೇಲೆ ತಾನು ಎಲ್ಲೆಲ್ಲಿ ಹುಡುಕಿದೆ ಎಂಬ ಪೂರ್ತಿ ಪಟ್ಟಿ. ಕೊನೆಗೆ, ಯಾವ ಕಡತದ ಯಾವ ಸಾಲಿನವರು ಇದನ್ನು ಕೇಳಿದರು ಎಂಬ ಸಾಕ್ಷಿ. ಏನು ಬೇಕಿತ್ತು, ಯಾರಿಗೆ ಬೇಕಿತ್ತು, ಎಲ್ಲೆಲ್ಲಿ ಹುಡುಕಿದೆ, ಈಗ ಏನು ಮಾಡಬೇಕು. ಲೈಬ್ರೆರಿಯ ಕೌಂಟರಿನಲ್ಲಿ "ಪುಸ್ತಕ ಇಲ್ಲೆ" ಎಂದು ಒಂದೇ ಮಾತಿನಲ್ಲಿ ಮುಗಿಸುವ ನಮ್ಮವರು ಇದರಿಂದ ಕಲಿಯಬೇಕಾದದ್ದು ಬೇಕಾದಷ್ಟುಂಟು. ಆದರೆ ಓದಿದರೆ ತಾನೆ! ನಾನು ಕಂಡ ಹಾಗೆ ಈ ಕರಾವಳಿಯಲ್ಲಿ ಎರಡು ಸಂಗತಿಗಳನ್ನು ಯಾರೂ ಓದುವುದಿಲ್ಲ. ಒಂದು, ಸಹಕಾರಿ ಸಂಘದ ಮಹಾಸಭೆಯ ನೋಟೀಸು. ಇನ್ನೊಂದು ಇದು.

ಆ ಹೆಸರಿನ ನಡುವೆ ಎರಡು ಕೋಲನ್ ಇದೆಯಲ್ಲ, ಅದನ್ನು ಕಂಡು ಮೇಡಮ್ಮನವರು ಹೆದರಿದ್ದು ನನಗೆ ನಗು ತರಿಸಿತು. ಯಾಕೆಂದರೆ ಲೋಕದಲ್ಲಿ ಕೋಲನ್ನಿಗೆ ಅಂಜಬಾರದ ಒಂದು ಜಾತಿ ಇದ್ದರೆ ಅದು ಗ್ರಂಥಪಾಲಕರದು. ಎಸ್. ಆರ್. ರಂಗನಾಥನ್ 1933ರಲ್ಲಿ ಪುಸ್ತಕಗಳನ್ನು ವಿಂಗಡಿಸುವ ಪದ್ಧತಿಯೊಂದನ್ನು ಅಚ್ಚು ಹಾಕಿಸಿದಾಗ ಅದರ ಹೆಸರೇ ಕೋಲನ್ ಕ್ಲಾಸಿಫಿಕೇಶನ್. ವಿಷಯವನ್ನು ಮುಖಮುಖವಾಗಿ ಬಿಡಿಸಿ, ನಡುವೆ ಕೋಲನ್ ಇಟ್ಟು, ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ದಾರಿ. ಅದೇ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು, ಗ್ರಂಥಾಲಯ ವಿಜ್ಞಾನ ಓದಿದ ಯಾರನ್ನೂ ಪರೀಕ್ಷೆಯಲ್ಲಿ ಬಿಡದೆ ಕಾಡಿದರು. ಮಾರ್ಕ್::ಫೈಲ್::ಎಕ್ಸ್‌ಎಂಎಲ್ ಎಂದರೂ ಅದೇ ತಾನೆ? ಪುಸ್ತಕಗಳ ವಿವರ ದಾಖಲಿಸುವ ಮಾರ್ಕ್ ಎಂಬ ದೊಡ್ಡ ವಿಷಯ, ಅದರೊಳಗೆ ಫೈಲು, ಅದರೊಳಗೆ ಎಕ್ಸ್‌ಎಂಎಲ್. "ರಂಗನಾಥನ್ ಒಂದು ಕೋಲನ್ನಿನಲ್ಲಿ ಮುಗಿಸಿದ್ದಕ್ಕೆ ಇವರು ಎರಡು ಖರ್ಚು ಮಾಡಿದ್ದಾರೆ, ಅಷ್ಟೇ" ಎಂದೆ. ಮೇಡಮ್ಮನವರ ಮುಖ ಸ್ವಲ್ಪ ತಿಳಿಯಾಯಿತು. ಪರ್ಲ್ ಆ ಎರಡು ಕೋಲನ್ನನ್ನು ಓರೆಗೆರೆ ಮಾಡಿಕೊಂಡು, ಹಿಂದೆ .ಪಿಎಂ ಸೇರಿಸಿ, ಆ ಹೆಸರಿನ ಕಡತ ಹುಡುಕುತ್ತದೆ. ಲಿನಕ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದ ಬಲು ಖಡಕ್ಕು. ಮಾರ್ಕ್ ಎಂಬ ನಾಲ್ಕೂ ಇಂಗ್ಲಿಷ್ ಅಕ್ಷರ ದೊಡ್ಡದಾಗಿಯೇ ಇರಬೇಕು, ರೆಕಾರ್ಡಿನಲ್ಲಿ ಮೊದಲನೆಯದು ಮಾತ್ರ. ಹೆಚ್ಚುಕಮ್ಮಿಯಾದರೆ ಕಣ್ಣೆದುರಿಗೇ ಇದ್ದರೂ 'ಇಲ್ಲ' ಎನ್ನುತ್ತದೆ.

ಹುಡುಕುವುದು ಎಲ್ಲಿ? ಅದಕ್ಕೊಂದು ಪಟ್ಟಿ. ಅಟ್-ಐಎನ್‌ಸಿ ಎಂದು ಅದರ ಹೆಸರು. ಇಂತಿಂಥ ಕಪಾಟು, ಈ ಅನುಕ್ರಮದಲ್ಲಿ ಎಂದು ಬರೆದಿಟ್ಟಿರುತ್ತದೆ. ಮೊದಲ ಕಪಾಟಿನಲ್ಲಿ ಸಿಕ್ಕಿದರೆ ಎರಡನೆಯದಕ್ಕೆ ಹೋಗುವುದೇ ಇಲ್ಲ. 'ಪರ್ಲ್, ಅಡ್ಡಗೆರೆ, ದೊಡ್ಡ ವಿ' ಎಂದು ಕೊಟ್ಟರೆ ಉದ್ದ ವರದಿಯ ಕೊನೆಯಲ್ಲಿ ಈ ಪಟ್ಟಿ ಸಿಗುತ್ತದೆ. ಒಂದು ಮಾಡ್ಯೂಲ್ ಮನೆಯಲ್ಲಿ ಇದೆಯೋ ಇಲ್ಲವೋ ನೋಡಲು 'ಪರ್ಲ್ ಅಡ್ಡಗೆರೆ ಎಂ' ಎಂದು ಬರೆದು, ಅದಕ್ಕೆ ಅಂಟಿಸಿ ಮಾಡ್ಯೂಲಿನ ಹೆಸರು, ಹಿಂದೆ 'ಅಡ್ಡಗೆರೆ ಇ' ಮತ್ತು 1. ಏನೂ ಮಾತಾಡದೆ ಸುಮ್ಮನೆ ಮುಂದಿನ ಸಾಲಿಗೆ ಬಂದರೆ ಮಾಡ್ಯೂಲ್ ಇದೆ ಎಂದರ್ಥ. ಇದು ಮಾತ್ರ ನಮ್ಮ ಜನಕ್ಕೆ ಒಗ್ಗುವುದಿಲ್ಲ. ಕೆಲಸ ಆದ ಮೇಲೂ ಏನೂ ಹೇಳದಿದ್ದರೆ ಹೇಗೆ ನಂಬುವುದು? ಮೇಡಮ್ಮನವರು ಎಂಟರ್ ಒತ್ತಿ, ಮೌನ ಕಂಡು, "ಎಂತದೂ ಆಯ್ಲಿಲ್ಲೆ" ಎಂದು ಮತ್ತೆ ಒತ್ತುತ್ತಾರೆ. ಮತ್ತೆ ಮೌನ.

ಪರ್ಲಿನ ಈ ಮಾತು ಉಳಿಸುವ ಸ್ವಭಾವ ಎಲ್ಲಿಂದ ಬಂತು ಎಂದು ತಿಳಿಯಲು ಅದರ ಕರ್ತೃವನ್ನು ನೋಡಬೇಕು. ಲ್ಯಾರಿ ವಾಲ್ 1987ರ ಡಿಸೆಂಬರಿನಲ್ಲಿ ಪರ್ಲನ್ನು ಹೊರಬಿಟ್ಟವರು, ಭಾಷಾಶಾಸ್ತ್ರ ಓದಿದವರು. ಮನುಷ್ಯರ ಭಾಷೆಯಲ್ಲಿ ಸರ್ವನಾಮ ಇರುವ ಹಾಗೆ ಪರ್ಲಿಗೂ ಒಂದನ್ನು ಇಟ್ಟುಕೊಟ್ಟರು. ಡಾಲರ್ ಗುರುತು, ಅದರ ಪಕ್ಕ ಒಂದು ಕೆಳಗೆರೆ. ಯಾವುದರ ಬಗ್ಗೆ ಎಂದು ಹೇಳದೆಯೇ ಕೆಲಸ ಹೇಳಿದರೆ, ಈಗ ಕೈಯಲ್ಲಿರುವುದರ ಬಗ್ಗೆ ಎಂದು ಅದೇ ತಿಳಿದುಕೊಳ್ಳುತ್ತದೆ. ಅನೇಕ ಸಲ ಆ ಗುರುತನ್ನೂ ಬರೆಯಬೇಕಾಗಿಲ್ಲ. ಹೊರಗಿನವರಿಗೆ ಇದು ಒಗಟು. ನಮಗೆ ಯಾಕೆ ಒಗಟು? ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಒಬ್ಬರು ಇನ್ನೊಬ್ಬರಿಗೆ "ಹ್ವಾಯ್, ಬಂತಾ?" ಎಂದು ಕೂಗುತ್ತಾರೆ. ಬಂದದ್ದು ಬಸ್ಸೋ, ಮಳೆಯೋ, ಮಗಳ ರಿಸಲ್ಟೋ, ಗಂಗೊಳ್ಳಿಯ ಬೂತಾಯಿಯೋ ಎಂದು ಹೇಳಿದವರಿಲ್ಲ. ಆದರೂ ಆಚೆಯಿಂದ "ಇಲ್ಲ, ಬಪ್ಪುಕಿತ್ತ್" ಎಂದು ಸರಿಯಾದ ಉತ್ತರವೇ ಬರುತ್ತದೆ. ಕುಂದಾಪ್ರ ಕನ್ನಡ ಆಡುವವರಿಗೆ ಪರ್ಲ್ ಕಲಿಸಲು ಅರ್ಧ ಸಂಬಳ ಸಾಕು ಎಂದು ನಾನು ಹೇಳುವುದು ಇದಕ್ಕೇ.

ಈಗ ಮಾಡ್ಯೂಲ್ ಇಲ್ಲ ಎಂದು ಗೊತ್ತಾಯಿತು. ತರುವುದು ಎಲ್ಲಿಂದ? ಇಲ್ಲಿ ಎರಡು ಪಂಥ. ನನ್ನದು ಮೊದಲನೆಯದು, ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಯಂತ್ರದಲ್ಲಿರುವ ಲಿನಕ್ಸ್ ಉಬುಂಟುವೋ ಡೆಬಿಯನ್ನೋ ಆದರೆ ಅದರದೇ ಭಂಡಾರದಲ್ಲಿ ಮೊದಲು ಕೇಳಬೇಕು. ಡೆಬಿಯನ್ನಿನವರು ಸಿಪ್ಯಾನ್ ಎಂಬ ಪರ್ಲ್ ಕಣಜದ ಸಾವಿರಾರು ಮಾಡ್ಯೂಲುಗಳನ್ನು ಆಗಲೇ ಕಟ್ಟಿ, ಪೊಟ್ಟಣ ಮಾಡಿ, ಒಂದಕ್ಕೊಂದು ಹೊಂದುತ್ತದೋ ಎಂದು ನೋಡಿ ಇಟ್ಟಿದ್ದಾರೆ. ಹೆಸರಿಡುವುದರಲ್ಲೂ ಒಂದು ಕ್ರಮ ಉಂಟು. ಎಲ್ಲ ಸಣ್ಣಕ್ಷರ ಮಾಡಿ, ಜೋಡಿ ಕೋಲನ್ನಿನ ಜಾಗದಲ್ಲಿ ಅಡ್ಡಗೆರೆ ಹಾಕಿ, ಮುಂದೆ 'ಲಿಬ್' ಅಂಟಿಸಿ, ಹಿಂದೆ 'ಪರ್ಲ್' ಎಂದು ಬಾಲ ಕಟ್ಟುವುದು. ಮಾರ್ಕ್::ರೆಕಾರ್ಡ್ ಹೀಗೆ 'ಲಿಬ್‌ಮಾರ್ಕ್-ರೆಕಾರ್ಡ್-ಪರ್ಲ್' ಆಗುತ್ತದೆ. 'ಆಪ್ಟ್ ಇನ್‌ಸ್ಟಾಲ್' ಎಂದು ಹೇಳಿ ಆ ಹೆಸರು ಕೊಟ್ಟರೆ ಚಾ ಕುದಿಯುವುದರೊಳಗೆ ಕೆಲಸ ಮುಗಿದಿರುತ್ತದೆ.

ಕ್ರಮ ಎಂದ ಮೇಲೆ ಕ್ರಮ ತಪ್ಪಿದವರೂ ಇರುತ್ತಾರೆ. ಎಲ್‌ಡಬ್ಲ್ಯೂಪಿ::ಯೂಸರ್‌ಏಜೆಂಟ್ ಬೇಕೆಂದು ಲಿಬ್-ಎಲ್‌ಡಬ್ಲ್ಯೂಪಿ ಎಂದು ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು 'ಲಿಬ್‌ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಪರ್ಲ್' ಎಂಬ ಪೊಟ್ಟಣದಲ್ಲಿ. ಮಾರ್ಕ್::ಫೈಲ್::ಎಕ್ಸ್‌ಎಂಎಲ್ ಪೊಟ್ಟಣಕ್ಕೆ ಬರುವಾಗ ನಡುವಿನ 'ಫೈಲ್' ಅನ್ನು ದಾರಿಯಲ್ಲೇ ಬಿಟ್ಟು ಬರುತ್ತದೆ. ಇಂಥವರನ್ನು ಹಿಡಿಯಲು 'ಆಪ್ಟ್-ಫೈಲ್' ಎಂಬ ಉಪಕರಣ. ಯಾವ ಕಡತ ಯಾವ ಪೊಟ್ಟಣದೊಳಗಿದೆ ಎಂದು ಹೇಳುವುದು ಅದರ ಕಸುಬು. ಒಮ್ಮೆ 'ಆಪ್ಟ್-ಫೈಲ್ ಅಪ್‌ಡೇಟ್' ಮಾಡಿ, ಆಮೇಲೆ 'ಸರ್ಚ್' ಎಂದು 'ಎಲ್‌ಡಬ್ಲ್ಯೂಪಿ/ಯೂಸರ್‌ಏಜೆಂಟ್.ಪಿಎಂ' ಕೊಟ್ಟರೆ ಪೊಟ್ಟಣದ ಹೆಸರು ಕೈಗೆ ಕೊಡುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸಿನ ಕಡೆಯವರು ಇದನ್ನು ಇನ್ನೂ ಸಲೀಸು ಮಾಡಿಕೊಂಡಿದ್ದಾರೆ. 'ಡಿಎನ್‌ಎಫ್ ಇನ್‌ಸ್ಟಾಲ್' ಎಂದು ಹೇಳಿ, ಪರ್ಲ್ ಎಂದು ಬರೆದು, ಆವರಣದೊಳಗೆ ಮಾಡ್ಯೂಲಿನ ಪೂರ್ತಿ ಹೆಸರನ್ನು ಎರಡು ಕೋಲನ್ ಸಮೇತ ಕೊಟ್ಟರೆ ಉಳಿದದ್ದು ಅದರ ಜವಾಬ್ದಾರಿ. ನಮ್ಮ ಕಡೆ ಲೈಬ್ರೆರಿಗಳಲ್ಲಿ ಉಬುಂಟುವೇ ಹೆಚ್ಚು ಕಂಡದ್ದರಿಂದ ಆ ಸುಖ ನಮಗಿಲ್ಲ.

ಕೋಹಾದ ಮಟ್ಟಿಗಂತೂ ಇಷ್ಟು ಪಡಿಪಾಟಲೇ ಬೇಡ. ಅದಕ್ಕೆ ಬೇಕಾದ ಪರ್ಲ್ ಮಾಡ್ಯೂಲುಗಳೇ ನೂರಕ್ಕೂ ಹೆಚ್ಚು. ಕೋಹಾದವರದೇ ಡೆಬಿಯನ್ ಭಂಡಾರವನ್ನು ಯಂತ್ರಕ್ಕೆ ಪರಿಚಯಿಸಿ 'ಆಪ್ಟ್ ಇನ್‌ಸ್ಟಾಲ್ ಕೋಹಾ-ಕಾಮನ್' ಎಂದರೆ ಎಲ್ಲವೂ ಸಾಲಾಗಿ ಬಂದು ಕೂರುತ್ತವೆ. ಬಂದಿವೆಯೋ ಎಂದು ನೋಡಲು ಕೋಹಾದ 'ಅಬೌಟ್' ಪುಟದಲ್ಲಿ ಪರ್ಲ್ ಮಾಡ್ಯೂಲುಗಳಿಗೇ ಒಂದು ವಿಭಾಗ ಉಂಟು. ಹೆಸರು, ಆವೃತ್ತಿ, ಬೇಕೇ ಬೇಕೋ ಇದ್ದರೆ ಒಳ್ಳೆಯದೋ, ಎಲ್ಲ ಪಟ್ಟಿ ಮಾಡಿ ತೋರಿಸುತ್ತದೆ. ಇಷ್ಟೆಲ್ಲ ಇರುವಾಗ ಮಾಡ್ಯೂಲ್ ಕಾಣೆಯಾಗುವುದು ಯಾಕೆ?

ಊರಿಗೆ ಬಂದ ನೆಂಟರಿಂದ.

ಮೇಡಮ್ಮನವರ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನ ಬರುತ್ತದಲ್ಲ, ಅದರ ನೆಪದಲ್ಲಿ ಎದೆಯ ಮೇಲೆ ಕುಂದಾಪ್ರ ಕನ್ನಡದ ಗಾದೆ ಅಚ್ಚಾದ ಟೀಶರ್ಟು ಹಾಕಿಕೊಂಡು ರೈಲಿಳಿದ. ಮಳೆ ಧೋ ಎಂದು ಸುರಿಯುತ್ತಿತ್ತು, ಹೊರಗೆ ಹೋಗುವಂತಿಲ್ಲ. "ಚಿಕ್ಕಮ್ಮಾ, ನಾನೇ ಅಪ್‌ಡೇಟ್ ಮಾಡಿ ಕೊಡ್ತೆ" ಎಂದು ಲೈಬ್ರೆರಿಯ ಕಂಪ್ಯೂಟರಿನ ಮುಂದೆ ಕೂತ. ಅವನು ಎರಡನೆಯ ಪಂಥದವ. ಸಿಪ್ಯಾನ್ ಪಂಥ.

ಸಿಪ್ಯಾನನ್ನು ನಾನು ಹಳಿಯುವವನಲ್ಲ, ಅದು ಹೆಮ್ಮೆಪಡಬೇಕಾದ ವಸ್ತುವೇ. 1995ರಲ್ಲಿ ಫಿನ್‌ಲೆಂಡಿನ ಯಾರ್ಕೊ ಹಿಯೆಟಾನಿಯೆಮಿ ಮುಂದಾಗಿ ನಿಂತು, ಅಲ್ಲಿನ ವಿದ್ಯಾಸಂಸ್ಥೆಗಳ ಜಾಲದ ಸರ್ವರಿನಲ್ಲಿ ಲೋಕದ ಪರ್ಲ್ ಬರಹಗಳನ್ನೆಲ್ಲ ಒಂದು ಕಡೆ ಕೂಡಿಸಿಟ್ಟರು. ಅದರ ಪಡಿಯಚ್ಚುಗಳು ದೇಶದೇಶಗಳಲ್ಲಿ ಎದ್ದವು. ಈಗ ಅಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಮಾಡ್ಯೂಲುಗಳುಂಟು. ಜರ್ಮನಿಯ ಆಂಡ್ರಿಯಾಸ್ ಕ್ಯೋನಿಗ್ ಅದರಿಂದ ತಂದು ಹಾಕಿಕೊಳ್ಳುವ ಉಪಕರಣ ಬರೆದರು. ಅದು ಮಾತು ಹೆಚ್ಚು ಆಡುತ್ತದೆಂದು ಬೇಸತ್ತವರಿಗಾಗಿ 2010ರಲ್ಲಿ ಜಪಾನಿನ ತಾತ್ಸುಹಿಕೊ ಮಿಯಾಗವಾ 'ಸಿಪ್ಯಾನ್-ಮೈನಸ್' ಬರೆದರು. ಮಾತು ಕಡಿಮೆ, ಕೆಲಸ ಅಷ್ಟೇ. ಯಾರೂ ಯಾರಿಗೂ ಸಂಬಳ ಕೊಡದೆ ನಡೆಯುವ ಏರ್ಪಾಡು. ಹಳೆಯ ಸಿಪ್ಯಾನ್ ಉಪಕರಣವನ್ನು ಮೊದಲ ಸಲ ಎಬ್ಬಿಸಿದರೆ ನೀವು ಯಾವ ಖಂಡದವರು, ಯಾವ ದೇಶದವರು ಎಂದೆಲ್ಲ ವಿಚಾರಿಸಿಕೊಳ್ಳುತ್ತಿತ್ತು. ಗೋತ್ರ, ನಕ್ಷತ್ರ ಮಾತ್ರ ಕೇಳುತ್ತಿರಲಿಲ್ಲ. ಈಗ ಪ್ರಶ್ನೆ ಕಮ್ಮಿಯಾಗಿದೆ. ಎಲ್ಲವನ್ನೂ ನಾನೇ ನೋಡಿಕೊಳ್ಳಲಾ ಎನ್ನುತ್ತದೆ, ಆಮೇಲೆ ಮಾಡ್ಯೂಲನ್ನು ನಿಮ್ಮ ಸ್ವಂತ ಕೋಣೆಯಲ್ಲಿ ಇಡಲೋ, ಅಧಿಕಾರ ಚಲಾಯಿಸಿ ಇಡೀ ಮನೆಗೆ ಹಾಕಲೋ ಎಂದು ಕೇಳುತ್ತದೆ. ಸ್ವಂತ ಕೋಣೆಗೆ ಲೋಕಲ್::ಲಿಬ್ ಎಂದು ಹೆಸರು. ಅಧಿಕಾರಕ್ಕೆ ಸುಡೊ.

ಬೆಂಗಳೂರಿನಿಂದ ಬಂದವ ಯಾವುದನ್ನು ಆರಿಸಿದ ಎಂದು ನಾನು ಹೇಳಬೇಕಾಗಿಲ್ಲ.

ಒಂದು ಮಾಡ್ಯೂಲ್ ಕರೆದರೆ ಅದು ತನಗೆ ಇನ್ನೆರಡು ಬೇಕು ಎಂದಿತು. ಆ ಎರಡು ತಮಗೆ ಏಳು ಬೇಕು ಎಂದವು. ಪರದೆಯ ಮೇಲೆ ಅಕ್ಷರಗಳ ಪ್ರವಾಹ. ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು ನೋಡಿ, "ಮಾಣಿ ಗಟ್ಟಿ ಇದ್ದ" ಎಂದು ಮೆಚ್ಚಿಕೊಂಡ. ಮಾಡ್ಯೂಲುಗಳಲ್ಲಿ ಎರಡು ಬಗೆ. ಕೆಲವು ಬರೀ ಪರ್ಲಿನಲ್ಲಿ ಬರೆದವು, ತಂದು ಕಪಾಟಿನಲ್ಲಿಟ್ಟರೆ ಮುಗಿಯಿತು. ಇನ್ನು ಕೆಲವಕ್ಕೆ ಹೊಟ್ಟೆಯೊಳಗೆ ಸಿ ಭಾಷೆ ಇರುತ್ತದೆ. ಅವನ್ನು ನಿಮ್ಮ ಯಂತ್ರದಲ್ಲೇ ಕಟ್ಟಬೇಕು, ಅದಕ್ಕೆ ಜಿಸಿಸಿ ಬೇಕು, ಮೇಕ್ ಬೇಕು, ಆ ಸಿ ಗ್ರಂಥಾಲಯದ ಹೆಡರ್ ಕಡತಗಳೂ ಬೇಕು. ಎಕ್ಸ್‌ಎಂಎಲ್::ಪಾರ್ಸರ್ ಕಟ್ಟಲು ಹೊರಟದ್ದು 'ಎಕ್ಸ್‌ಪ್ಯಾಟ್.ಎಚ್ ಇಲ್ಲ' ಎಂದು ಧರಣಿ ಕೂತಿತು. ಅದಕ್ಕೆ 'ಲಿಬ್‌ಎಕ್ಸ್‌ಪ್ಯಾಟ್1-ಡೆವ್' ಎಂಬ ಪೊಟ್ಟಣ ಆಪ್ಟಿನಿಂದಲೇ ತರಬೇಕು. ಎಂದರೆ ಆಪ್ಟನ್ನು ಬೇಡ ಎಂದು ಹೋದವನು ಹೆಡರಿಗಾಗಿ ಅದರ ಬಾಗಿಲಿಗೇ ಬಂದ. ಬಂದವನಿಗೆ ಕಟ್ಟಿ ಮುಗಿಸಿದ ಎಕ್ಸ್‌ಎಂಎಲ್::ಪಾರ್ಸರೇ 'ಲಿಬ್‌ಎಕ್ಸ್‌ಎಂಎಲ್-ಪಾರ್ಸರ್-ಪರ್ಲ್' ಎಂಬ ಹೆಸರಿನಲ್ಲಿ ಅಲ್ಲೇ ಕೂತಿರುವುದು ಕಾಣಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೀಂಕ್ ಎಂದು ಕೂಗಿ, ಕಾಲೇಜಿನ ಎಲ್ಲ ಯುಪಿಎಸ್‌ಗಳ ಹಾಗೆ, ತನ್ನ ಕರ್ತವ್ಯ ಮುಗಿಯಿತೆಂದು ಮಲಗಿತು.

ಕರೆಂಟ್ ಬಂದ ಮೇಲೆ ಪರೀಕ್ಷೆಯ ಘಟ್ಟ. ಸಿಪ್ಯಾನ್ ಮಾಡ್ಯೂಲುಗಳಿಗೆ ಒಂದು ಒಳ್ಳೆಯ ಗುಣ ಉಂಟು. ಹಾಕಿಕೊಳ್ಳುವ ಮೊದಲು ನಿಮ್ಮ ಯಂತ್ರದಲ್ಲೇ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುತ್ತವೆ. 'ಮೇಕ್', 'ಮೇಕ್ ಟೆಸ್ಟ್', 'ಮೇಕ್ ಇನ್‌ಸ್ಟಾಲ್' ಎಂಬುದು ಹಳೆಯ ಕಾಲದ ತ್ರಿಸಂಧ್ಯೆ. ಸಿಪ್ಯಾನ್ ಟೆಸ್ಟರ್ಸ್ ಎಂಬ ಸ್ವಯಂಸೇವಕರು ಬೇರೆ ಬೇರೆ ಯಂತ್ರಗಳಲ್ಲಿ ಇದನ್ನೇ ನಡೆಸಿ ವರದಿ ಹಾಕುತ್ತಾರೆ, ಯಾವ ಮಾಡ್ಯೂಲ್ ನಂಬಬಹುದು ಎಂದು ಮೆಟಾಸಿಪ್ಯಾನ್ ಎಂಬ ಜಾಲತಾಣದಲ್ಲಿ ನೋಡಬಹುದು. ಕೊನೆಯ ಬಾರಿ ಪರಿಷ್ಕಾರ ಆದದ್ದು ಯಾವಾಗ, ಎಷ್ಟು ಬೇರೆ ಮಾಡ್ಯೂಲುಗಳು ಇದನ್ನು ನೆಚ್ಚಿಕೊಂಡಿವೆ ಎಂಬುದೂ ಅಲ್ಲೇ ಸಿಗುತ್ತದೆ. ನಮ್ಮ ಹುಡುಗನಿಗೆ ಒಂದು ಟೆಸ್ಟ್ ಫೇಲಾಯಿತು. ಫೇಲಾದದ್ದು ಯಾಕೆ ಎಂದು ಓದಿದನೇ? 'ಫೋರ್ಸ್' ಎಂದು ಮುಂದೆ ಸೇರಿಸಿ ನುಗ್ಗಿಸಿದ. ಪರೀಕ್ಷೆ ಫೇಲಾದವರನ್ನು ನುಗ್ಗಿಸಿ ಪಾಸು ಮಾಡುವುದು ಕಾಲೇಜಿನ ಗಾಳಿಯಲ್ಲೇ ಇರಬೇಕು.

ಒಳ್ಳೆಯ ಪ್ರೋಗ್ರಾಮರಿಗೆ ಸೋಮಾರಿತನ, ಅಸಹನೆ, ಅಹಂಕಾರ ಎಂಬ ಮೂರು ಸದ್ಗುಣಗಳು ಇರಬೇಕೆಂದು ಲ್ಯಾರಿ ವಾಲ್ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಹುಡುಗ ಕೊನೆಯ ಎರಡನ್ನೂ ಪೂರ್ತಿ ಮೈಗೂಡಿಸಿಕೊಂಡಿದ್ದ. ಮೊದಲನೆಯದು, ಎಂದರೆ ಮುಂದಿನ ಕೆಲಸ ತಪ್ಪಿಸಿಕೊಳ್ಳಲು ಇವತ್ತು ಶ್ರಮಪಡುವ ನಿಜವಾದ ಸೋಮಾರಿತನ, ಮೇಡಮ್ಮನವರಲ್ಲಿ ಇತ್ತು. ಅವರು ತೆರೆಮರೆಯಲ್ಲಿ ಹಳೆಯ ಆಕ್ಸೆಶನ್ ರಿಜಿಸ್ಟರನ್ನು ಪೆನ್ನಿನಲ್ಲಿ ಬರೆಯುವುದನ್ನು ನಿಲ್ಲಿಸಿರಲೇ ಇಲ್ಲ.

ಅಂತೂ ಎಲ್ಲ ಸರಿಯಾಯಿತು, ಹುಡುಗ ಹಾಲುಬಾಯಿ ತಿಂದು ರೈಲು ಹತ್ತಿದ. ಸಮಸ್ಯೆ ಶುರುವಾದದ್ದು ಉಬುಂಟು 22.04 ತೆಗೆದು 24.04ಕ್ಕೆ ಏರಿಸಿದ ಮೇಲೆ. ಮೊದಲನೆಯದರಲ್ಲಿ ಪರ್ಲ್ 5.34, ಎರಡನೆಯದರಲ್ಲಿ 5.38. ಆಪ್ಟಿನಿಂದ ಬಂದ ಮಾಡ್ಯೂಲುಗಳು ಹೊಸ ಪರ್ಲಿಗೆ ತಕ್ಕಂತೆ ತಾವೂ ಹೊಸದಾಗಿ ಬಂದವು. ಸಿಪ್ಯಾನಿನಿಂದ ಕಟ್ಟಿದವು ಯುಎಸ್‌ಆರ್-ಲೋಕಲ್ ಎಂಬ ಓಣಿಯಲ್ಲಿ 5.34 ಎಂಬ ಹೆಸರಿನ ಕಪಾಟಿನೊಳಗೆ ಹಾಗೇ ಕೂತವು. ಹೊಸ ಪರ್ಲ್ ಆ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಮತ್ತೆ ಶುರು, 'ಕಾಂಟ್ ಲೊಕೇಟ್'. ಯಾರೋ ಜಾಣರು ಹಳೆಯ ಕಪಾಟಿನ ದಾರಿಯನ್ನು ಪಟ್ಟಿಗೆ ತುರುಕಿದರು. ಆಗ ಇನ್ನೊಂದು ಬೈಗುಳ: ಪರ್ಲಿಗೂ ಮಾಡ್ಯೂಲಿನ ಸಿ ಭಾಗಕ್ಕೂ ಹೊಂದಾಣಿಕೆ ಇಲ್ಲ, ಸಿಕ್ಕಿದ ಹ್ಯಾಂಡ್‌ಶೇಕ್ ಕೀಲಿ ಇದು, ಬೇಕಾದದ್ದು ಬೇರೆ. ಎಂದರೆ ಕೈಕುಲುಕಲು ಬಂದವರ ಕೈಯೇ ಕೂಡಲಿಲ್ಲ. ಆಪ್ಟ್ ಹಾಕಿದ ಮಾಡ್ಯೂಲುಗಳಿಗಿಂತ ಲೋಕಲ್ ಓಣಿ ಪಟ್ಟಿಯಲ್ಲಿ ಮೇಲೆ ಇರುವುದರಿಂದ, ಅಲ್ಲಿ ಹಾಕಿದ್ದು ಸರಿ ಇರಲಿ ಬಿಡಲಿ, ಆಪ್ಟಿನದನ್ನು ಮರೆಮಾಡುತ್ತದೆ. ಹಾಗಾಗಿ ನನ್ನ ಹಠ ಇಷ್ಟೇ. ಮೊದಲು ಆಪ್ಟಿನಲ್ಲಿ ಕೇಳಿ. ಅಲ್ಲಿ ಇಲ್ಲದಿದ್ದರೆ ಮಾತ್ರ ಸಿಪ್ಯಾನ್, ಅದೂ ಲೋಕಲ್::ಲಿಬ್ ಹಾಕಿ ನಿಮ್ಮ ಕೋಣೆಯೊಳಗೆ. ಇಡೀ ಯಂತ್ರದ ಪರ್ಲನ್ನು ಕೆದಕುವ ಹಕ್ಕು ಹಬ್ಬಕ್ಕೆ ಬಂದವರಿಗೆ ಇಲ್ಲ.

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳುವಿರಿ. ಒಂದು ತಮಾಷೆ ಹೇಳುತ್ತೇನೆ. ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ, 1902ರಲ್ಲಿ. ಕೋಟ ಈಗ ಬ್ರಹ್ಮಾವರ ತಾಲೂಕು. ಅಲ್ಲಿಂದ ಕೂಗಳತೆಯ ಲೈಬ್ರೆರಿಯೊಂದರಲ್ಲಿ ಕಾರಂತರ ಪುಸ್ತಕವನ್ನು ಕೋಹಾಕ್ಕೆ ಸೇರಿಸಬೇಕು. ಮೇಡಮ್ಮನವರು ಏನು ಮಾಡುತ್ತಾರೆ? ವಾಷಿಂಗ್ಟನ್ನಿನ ಲೈಬ್ರೆರಿ ಆಫ್ ಕಾಂಗ್ರೆಸ್ಸಿಗೆ ಕೇಳುತ್ತಾರೆ! ಅವರ ದೆಹಲಿ ಕಚೇರಿ ದಶಕಗಳಿಂದ ಕನ್ನಡ ಪುಸ್ತಕಗಳನ್ನು ಕೊಂಡು ಕಳಿಸುತ್ತಿದೆ, ಅವುಗಳ ವಿವರ ಅಲ್ಲಿ ಶಿಸ್ತಾಗಿ ಸಿದ್ಧ ಇದೆ. ಝಡ್39.50 ಎಂಬ ಪದ್ಧತಿಯಲ್ಲಿ ಕೇಳಿದರೆ ದಾಖಲೆ ಕ್ಷಣದಲ್ಲಿ ಬಂದಿಳಿಯುತ್ತದೆ. ಅದನ್ನು ಕೇಳುವ ಬಾಯಿ ನೆಟ್::ಝಡ್3950::ಝೂಮ್ ಎಂಬ ಪರ್ಲ್ ಮಾಡ್ಯೂಲ್. ಬಂದದ್ದನ್ನು ಬಿಚ್ಚುವುದು ಮಾರ್ಕ್::ರೆಕಾರ್ಡ್. ಆದರೆ ಬಂದ ಹೆಸರು ಬಹುಪಾಲು ರೋಮನ್ ಲಿಪಿಯಲ್ಲಿ, ತಲೆಯ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕೆ ಹೊತ್ತುಕೊಂಡು ಬರುತ್ತದೆ. ಮಾರ್ಕ್-8 ಎಂಬ ಹಳೆಯ ಅಕ್ಷರ ಪದ್ಧತಿಯಲ್ಲಿ ಆ ಗೆರೆ ಅಕ್ಷರಕ್ಕಿಂತ ಮೊದಲು ಬರುತ್ತದೆ, ಯೂನಿಕೋಡಿನಲ್ಲಿ ಅಕ್ಷರದ ಆಮೇಲೆ. ಹಿಂದುಮುಂದು ಮಾಡಿ ಕೂರಿಸುವ ಕೆಲಸ ಮಾರ್ಕ್::ಚಾರ್‌ಸೆಟ್ ಎಂಬುದಕ್ಕೆ. ಅದೊಂದು ಇಲ್ಲದಿದ್ದರೆ ಕಾರಂತರ ದೀರ್ಘವೆಲ್ಲ ಪಕ್ಕದವರ ತಲೆಗೆ ಹೋಗಿ ಕೂರುತ್ತದೆ.

ಊರ ಕನ್ನಡದ ಕತೆಯೂ ಕಮ್ಮಿಯದಲ್ಲ. ಇಪ್ಪತ್ತು ವರ್ಷದ ಹಿಂದೆ ಲೈಬ್ರೆರಿಯ ಪಟ್ಟಿಯನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿಟ್ಟವರು ಎಷ್ಟೋ ಮಂದಿ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ದಾರಿಯಲ್ಲೇ ನುಡಿಯೂ ಬಂದದ್ದು, ಬೆರಳಿಗೆ ಸುಖ. ಆದರೆ ಹಳೆಯ ನುಡಿ ಫಾಂಟು ಅಕ್ಷರವನ್ನು ಚೂರುಚೂರಾಗಿ ಇಟ್ಟುಕೊಂಡಿರುತ್ತದೆ. ಯೂನಿಕೋಡ್ ಕೇಳುವ ಕೋಹಾಕ್ಕೆ ಅದನ್ನು ಉಣಿಸಿದರೆ ಲ್ಯಾಟಿನ್ ಅಕ್ಷರಗಳ ಜಾತ್ರೆ. 'ಕರ್ಮ' ಎಂದು ಬರೆದರೆ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು 'ಮ'ದ ಆಮೇಲೆ ಕೂತಿದೆ, ಯೂನಿಕೋಡಿಗೆ ಆ ರೇಫ 'ಮ'ಕ್ಕಿಂತ ಮೊದಲು ಬೇಕು. ಅಮೆರಿಕದವರದು ಮುಂದಿನದು ಹಿಂದೆ, ನಮ್ಮದು ಹಿಂದಿನದು ಮುಂದೆ. ಹುಡುಕಿ ಬದಲಿಸುವ ಇಂಥ ಕೆಲಸಕ್ಕೆ ಪರ್ಲಿನಷ್ಟು ಚುರುಕಿನದು ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತ. ಪೈಥಾನಿನವರು ಜಗಳಕ್ಕೆ ಬರುವುದಾದರೆ ಮಳೆಗಾಲ ಕಳೆದು ಬರಲಿ.

ಕೊನೆಗೆ ಅಕಾರಾದಿ. ಯೂನಿಕೋಡಿನ ಅಂಕೆಗಳ ಪ್ರಕಾರವೇ ಜೋಡಿಸಿದರೆ ಲ ಆದ ಕೂಡಲೇ ಳ, ಆಮೇಲೆ ವ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಹಿಂದೆ, ಎಲ್ಲರಿಗಿಂತ ಕೊನೆಗೆ ನಿಲ್ಲುವ ಅಕ್ಷರ. ಹೀಗೆ ಭಾಷೆ ಭಾಷೆಯ ಕ್ರಮ ನೋಡಿಕೊಳ್ಳಲೆಂದೇ ಯೂನಿಕೋಡ್::ಕೊಲೇಟ್::ಲೊಕೇಲ್ ಎಂಬ ಮಾಡ್ಯೂಲ್ ಉಂಟು. ಜಪಾನಿನ ಸದಹಿರೊ ತೊಮೊಯುಕಿ ಬರೆದದ್ದು. ಸಿಪ್ಯಾನೂ ಬೇಡ, ಆಪ್ಟೂ ಬೇಡ, ಪರ್ಲಿನ ಜೊತೆಗೇ ಬರುವಂಥದ್ದು. ಮೇಡಮ್ಮನವರಿಗೆ ಅದರ ಭಾಷೆಗಳ ಪಟ್ಟಿ ತೆರೆದು ತೋರಿಸಿದೆ. "ಕಾಣಿ, ಕನ್ನಡ ಇತ್ತ್. ಕೊಂಕಣಿಯೂ ಇತ್ತ್." ಗಂಗೊಳ್ಳಿ ಕಡೆಯ ಕೊಂಕಣಿ ಮೇಷ್ಟ್ರೊಬ್ಬರು ಅಲ್ಲೇ ಪೇಪರ್ ಓದುತ್ತಿದ್ದವರು ಕನ್ನಡಕ ಏರಿಸಿ, ತಾನೇ ಬರೆದುಕೊಟ್ಟಂತೆ ಮುಗುಳ್ನಕ್ಕರು.

ಬ್ರಹ್ಮಾವರದಿಂದ ವರ್ಗವಾಗಿ ಬಂದ ಗುಮಾಸ್ತರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. "ತುಳು ಎಲ್ಲಿ?"

ಇಲ್ಲ. ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದೇ 2024ರಲ್ಲಿ ಎಂದು ಸಮಾಧಾನ ಹೇಳಲು ಹೋದೆ. ಅವರು ಕೇಳಲಿಲ್ಲ. ಇಷ್ಟು ವರ್ಷ ಕನ್ನಡ ಲಿಪಿಯಲ್ಲಿ ಬರೆದದ್ದು ತುಳುವಲ್ಲವಾ ಎಂದರು. ಮಾತು ಸರಿಯಾದದ್ದೇ. ಹಾಗಾದರೆ ನೀವೇ ಬರೆದು ಸೇರಿಸಿ ಎಂದೆ. ಸಿಪ್ಯಾನಿಗೆ ಮಾಡ್ಯೂಲ್ ಹಾಕಲು ಯಾರು ಬೇಕಾದರೂ ಪಾಸ್ ಎಂಬ ಸರ್ವರಿನಲ್ಲಿ ಖಾತೆ ಕೇಳಬಹುದು, ಖರ್ಚಿಲ್ಲ. ಹೆಸರು ಕೊಡಬೇಕು, ಇಮೇಲ್ ಕೊಡಬೇಕು, ಖಾತೆ ಯಾಕೆ ಬೇಕು ಎಂದು ಎರಡು ಮಾತಿನಲ್ಲಿ ಕಾರಣ ಬರೆಯಬೇಕು, ಅದನ್ನು ಮನುಷ್ಯರೇ ಓದಿ ಮಂಜೂರು ಮಾಡುತ್ತಾರೆ.

ಗುಮಾಸ್ತರು ಪೆನ್ನು ಕಿವಿಯಿಂದ ತೆಗೆದರು.

"ಕಾರಣದ ಜಾಗದಲ್ಲಿ ಬ್ರಹ್ಮಾವರದವ ಅಂತ ಬರೆದರೆ ಸಾಕಲ್ಲ ಮಾರಾಯ್ರೆ?"